ನೋಟ್‌ಬುಕ್ ಓದಿ ಬಹುಮಾನ ಕೊಡುವುದು

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಕನ್ನಡ ಸಂಘದ ಯುವ ವಿಭಾಗದಲ್ಲಿ ಕಾರ್ಯಕ್ರಮಗಳ ಉಸ್ತುವಾರಿ ನನ್ನ ಕೆಲಸ. ಯಕ್ಷಗಾನ ತರಗತಿ, ಕನ್ನಡ ಕಲಿಕೆ, ಬೇಸಿಗೆ ಶಿಬಿರ ಇವುಗಳ ಜೊತೆಗೆ 12ರಿಂದ 17 ವರ್ಷದ ಮಕ್ಕಳಿಗೆ ವಾರಕ್ಕೊಮ್ಮೆ ಕರೆಂಟಿನ ಕ್ಲಾಸೂ ಇದೆ. ಕಲಿಸುವವರು ಲೈಸೆನ್ಸ್ ಇರುವ ಒಬ್ಬ ಮರಾಠಿ ವೈರ್‌ಮನ್. ಮಕ್ಕಳೆಲ್ಲ ಅವರನ್ನು ದಾದಾ, ಅಂದರೆ ಮರಾಠಿಯಲ್ಲಿ ಅಣ್ಣ, ಅಂತಾರೆ. ಹಾಜರಿ, ಸಾಮಾನು, ದಾಖಲೆ, ಬಹುಮಾನ ಇಷ್ಟು ನನ್ನ ಪಾಲಿಗೆ ಬರುತ್ತದೆ. ದಾಖಲೆ ಇಡೋದು ಅಂದರೆ ಬೇಜಾರಿನ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಈ ಕ್ಲಾಸಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಅದೇ.

ಮೊದಲು ಇದ್ದ ಪದ್ಧತಿ ಹೇಳಿಬಿಡುತ್ತೇನೆ. ವಾರ್ಷಿಕೋತ್ಸವದ ದಿನ ಹಾಲ್‌ನಲ್ಲಿ ಮೇಜು ಸಾಲಾಗಿ ಇಡುತ್ತಿದ್ದರು. ಪ್ರತಿ ಮೇಜಿನ ಮೇಲೂ ಒಂದು ಮಾಡೆಲ್. ಥರ್ಮಾಕೋಲ್ ಮನೆ, ಒಳಗೆ ಎಲ್‌ಇಡಿ, ಪಕ್ಕದಲ್ಲಿ ತಿರುಗುವ ಗಾಳಿಯಂತ್ರ. ಅತಿಥಿಗಳು ಒಂದು ಸುತ್ತು ಬಂದು ಮೊದಲನೆಯ, ಎರಡನೆಯ, ಮೂರನೆಯ ಬಹುಮಾನ ಬರೆದು ಕೊಡುತ್ತಿದ್ದರು. ದಾದರ್‌ನಿಂದ ರೆಡಿಮೇಡ್ ಕಿಟ್ ತಂದವರದು, ಅಪ್ಪ ರಾತ್ರಿ ಕೂತು ಸೋಲ್ಡರ್ ಮಾಡಿಕೊಟ್ಟವರದು ಚೆನ್ನಾಗಿ ಕಾಣುತ್ತಿತ್ತು. ಮಳೆಗಾಲದಲ್ಲೂ ತಪ್ಪದೆ ಕ್ಲಾಸಿಗೆ ಬಂದ ಮಗುವಿನ ಮರದ ಹಲಗೆ, ಎರಡು ಸ್ವಿಚ್, ಒಂದು ಹೋಲ್ಡರ್ ಇರುವ ಬೋರ್ಡು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎರಡು ಸ್ವಿಚ್‌ನಿಂದ ಒಂದೇ ಬಲ್ಬ್ ಹಾಕೋದು, ಆರಿಸೋದು ಅಂದರೆ ಮೆಟ್ಟಿಲಿನ ವೈರಿಂಗ್. ಮೊದಲ ಸಲ ಮಾಡುವವರ ತಲೆ ಕೆಡಿಸುವ ಕೆಲಸ ಅದು. ನೋಡಿದರೆ ಮಾತ್ರ ಏನೂ ಇಲ್ಲ ಅನಿಸುತ್ತದೆ.

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ ಅಂತ ಹುಡುಕಿದಾಗ ಸಿಕ್ಕಿದ್ದು ಅಮೆರಿಕದ ಫೋರ್-ಎಚ್ ಯುವ ಕ್ಲಬ್‌ಗಳ ಪದ್ಧತಿ. 1902ರಲ್ಲಿ ಓಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಎಂಬವರು ಶುರು ಮಾಡಿದ ಹಳ್ಳಿ ಮಕ್ಕಳ ಕ್ಲಬ್ ಇದರ ಮೂಲ ಅನ್ನುತ್ತಾರೆ. ಜೋಳ ಬೆಳೆಯೋದು, ದನ ಸಾಕೋದು, ಹೊಲಿಗೆ, ಇವುಗಳ ಜೊತೆಗೆ ಮುಂದೆ ವಿದ್ಯುತ್ತಿನ ಪ್ರಾಜೆಕ್ಟೂ ಬಂತು. 1930ರ ದಶಕದ ಮಧ್ಯದಲ್ಲಿ ಅಲ್ಲಿನ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟ್ ಇತ್ತು. 1936ರ ಗ್ರಾಮೀಣ ವಿದ್ಯುದೀಕರಣ ಕಾಯ್ದೆಯ ನಂತರ ಹಳ್ಳಿಗಳಿಗೆ ತಂತಿ ಬಂತು. ಮನೆಗೆ ಹೊಸದಾಗಿ ಬಂದ ಕರೆಂಟನ್ನು ಹೇಗೆ ಬಳಸಬೇಕು ಅನ್ನೋದನ್ನು ಮಕ್ಕಳು ಕಲಿತರೆ ಆ ತಿಳಿವಳಿಕೆ ಮನೆಗೂ ಹೋಗುತ್ತದೆ.

ಅವರ ಎರಡು ರೂಢಿ ನನಗೆ ಹಿಡಿಸಿದವು. ಒಂದು, ಪ್ರತಿ ಮಗುವೂ ತನ್ನ ಪ್ರಾಜೆಕ್ಟಿನ ದಾಖಲೆ ಪುಸ್ತಕ ಬರೆಯಬೇಕು. ಮಾಡಿದ ಕೆಲಸ, ಆದ ಖರ್ಚು, ಕಲಿತದ್ದು, ಬೇರೆಯವರಿಗೆ ಮಾಡಿ ತೋರಿಸಿದ್ದು ಎಲ್ಲ ಅದರಲ್ಲಿ ಇರಬೇಕು. ಬಹುಮಾನಕ್ಕೆ ಆ ಪುಸ್ತಕ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು, ಅವರು ಡೇನಿಷ್ ಪದ್ಧತಿ ಅಂತ ಕರೆಯುವ ತೀರ್ಪಿನ ಕ್ರಮ. ಇದರಲ್ಲಿ ಮಕ್ಕಳನ್ನು ಒಬ್ಬರಿಗೊಬ್ಬರನ್ನು ಹೋಲಿಸುವುದಿಲ್ಲ. ಒಂದು ಮಟ್ಟ ಮೊದಲೇ ಗೊತ್ತು ಮಾಡಿ ಹೇಳಿರುತ್ತಾರೆ. ಅದನ್ನು ಚೆನ್ನಾಗಿ ಮುಟ್ಟಿದವರಿಗೆಲ್ಲ ನೀಲಿ ರಿಬ್ಬನ್, ಸ್ವಲ್ಪ ಕಮ್ಮಿಯಾದರೆ ಕೆಂಪು, ಇನ್ನೂ ಕಲಿಯೋದು ಜಾಸ್ತಿ ಇದ್ದರೆ ಬಿಳಿ. ಹತ್ತು ಮಕ್ಕಳೂ ಮಟ್ಟ ಮುಟ್ಟಿದರೆ ಹತ್ತೂ ನೀಲಿ. ಯಾರೂ ಮುಟ್ಟದಿದ್ದರೆ ಒಂದೂ ಇಲ್ಲ.

ಇದನ್ನು ಹಾಗೇ ತಂದು ಇಲ್ಲಿ ಅಂಟಿಸೋಕೆ ಆಗಲ್ಲ. ಅಲ್ಲಿ ಹೊಲ, ಕೊಟ್ಟಿಗೆ. ಇಲ್ಲಿ ಸೊಸೈಟಿಯ ಮೂರನೇ ಮಹಡಿ. ವೈರೆಲ್ಲ ಗೋಡೆಯೊಳಗೆ, ಮೀಟರು ಕೆಳಗೆ ಮೆಟ್ಟಿಲಿನ ಅಡಿಯಲ್ಲಿ. ತಮ್ಮ ಮನೆಯ ಮೀಟರ್ ಯಾವುದು ಅಂತ ಗೊತ್ತಿಲ್ಲದ ಮಕ್ಕಳೇ ಜಾಸ್ತಿ. ಹಾಗಾಗಿ ನಮ್ಮ ಕ್ಲಾಸಿನ ಮೊದಲ ಹಂತ ಬ್ಯಾಟರಿ, ಬಲ್ಬು, ಸ್ವಿಚ್ಚು. ಎರಡನೆಯದು ಮೀಟರು, ಲೋಡು, ಬಿಲ್ಲು. ಡೊಂಬಿವಲಿಗೆ ಕರೆಂಟ್ ಕೊಡೋದು ಮಹಾವಿತರಣ. 100 ಯೂನಿಟ್ ತನಕ ಒಂದು ದರ, 101ರಿಂದ 300ಕ್ಕೆ ಬೇರೆ ದರ ಅನ್ನೋದನ್ನು ಮಕ್ಕಳು ತಮ್ಮ ಮನೆಯ ಬಿಲ್ ಇಟ್ಟುಕೊಂಡೇ ಬಿಡಿಸುತ್ತಾರೆ. ಮೂರನೆಯದು ಹಲಗೆಯ ಮೇಲೆ ಬೋರ್ಡ್ ವೈರಿಂಗ್. 230 ವೋಲ್ಟ್ ಲೈನಿಗೆ ಮಕ್ಕಳು ಕೈ ಹಾಕುವಂತಿಲ್ಲ. ದಾದಾ ಮೊದಲು ಕಂಟಿನ್ಯೂಟಿ, ಅಂದರೆ ವೈರು ಎಲ್ಲೂ ಕಡಿಯದೆ ಜೋಡಿಯಾಗಿದೆಯಾ ಅಂತ ನೋಡಿ, ಆಮೇಲೆ ತಾವೇ ಸಪ್ಲೈ ಕೊಡುತ್ತಾರೆ. ಇದರಲ್ಲಿ ಯಾವ ವಿನಾಯಿತಿಯೂ ಇಲ್ಲ.

ದಾಖಲೆಗೆ ನಾನು ಅಚ್ಚು ಹಾಕಿದ ಫಾರ್ಮ್ ಕೊಡಲಿಲ್ಲ. ಖಾಲಿ ಕಾಲಂ ಕಂಡರೆ ಮಕ್ಕಳು ಏನಾದರೂ ತುಂಬಿಸುತ್ತಾರೆ. ಒಂದು ಸಾದಾ ನೂರು ಪುಟದ ನೋಟ್‌ಬುಕ್, ನಾಲ್ಕು ಪ್ರಶ್ನೆ. ಇವತ್ತು ಏನು ಮಾಡಿದೆ? ಏನಾಗುತ್ತೆ ಅಂದುಕೊಂಡಿದ್ದೆ? ಏನಾಯ್ತು? ಹಾಗೆ ಯಾಕಾಯ್ತು? ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಮಾಡಬೇಕು. ಅಳಿಸುವಂತಿಲ್ಲ, ಪುಟ ಹರಿಯುವಂತಿಲ್ಲ. ಕ್ಲಾಸ್ ಮುಗಿದ ತಕ್ಷಣ ಅಲ್ಲೇ ಕೂತು ಬರೆದು ದಾದಾ ಸಹಿ ಹಾಕಿಸಿಕೊಂಡು ಮನೆಗೆ ಹೋಗಬೇಕು. ಕನ್ನಡದಲ್ಲಿ ಬರೆದರೂ ಆಯ್ತು, ಮರಾಠಿ, ಇಂಗ್ಲಿಷ್, ಮೂರೂ ಕಲಸಿ ಬರೆದರೂ ಆಯ್ತು. ಇಲ್ಲಿನ ಮಕ್ಕಳು ಮನೆಯಲ್ಲಿ ತುಳು ಅಥವಾ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾರೆ. ಭಾಷೆ ತಿದ್ದೋಕೆ ಹೋದರೆ ಬರೆಯೋದನ್ನೇ ನಿಲ್ಲಿಸುತ್ತಾರೆ. ಕನ್ನಡ ಕಲಿಸೋಕೆ ಬೇರೆ ಕ್ಲಾಸ್ ಇದೆಯಲ್ಲ.

ಒಂದು ಪುಟವನ್ನು ಇಲ್ಲಿ ಹೇಳಲೇಬೇಕು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳದು. ಈಗಿನ ಮೀಟರ್‌ಗಳಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಎಷ್ಟು ಮಿಣುಕಿಗೆ ಒಂದು ಯೂನಿಟ್ ಅಂತ ಮೀಟರಿನ ಮೇಲೇ ಬರೆದಿರುತ್ತದೆ. ಅವಳ ಮನೆಯದು 3200. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಬಿಡದೆ ಓಡಿದರೆ ಒಂದು ಯೂನಿಟ್. ಅಂದರೆ ನಿಮಿಷಕ್ಕೆ ಸುಮಾರು 53 ಮಿಣುಕು ಬರಬೇಕು. ಇದಿಷ್ಟು ಲೆಕ್ಕ ಅವಳೇ ಮಾಡಿ ಬರೆದಿದ್ದಳು. ಅಮ್ಮ ಮೇಲೆ ಇಸ್ತ್ರಿ ಪೆಟ್ಟಿಗೆ ಹಾಕಿದರು, ಇವಳು ಕೆಳಗೆ ಮೀಟರಿನ ಮುಂದೆ ಫೋನ್ ಕಿವಿಗಿಟ್ಟುಕೊಂಡು ಎಣಿಸಿದಳು. ಫ್ಯಾನು, ದೀಪ ಎಲ್ಲ ಬಂದ್. ಪೆಟ್ಟಿಗೆ ಬಿಸಿಯಾದ ಮೇಲೆ ಅದರ ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತದೆ, ಹಾಗಾಗಿ ಹಾಕಿದ ಮೊದಲ ನಿಮಿಷದಲ್ಲೇ ಎಣಿಸಬೇಕು ಅನ್ನೋದೂ ಅವಳಿಗೆ ಗೊತ್ತಿತ್ತು.

ಬಂದದ್ದು 61.

ಆ 61ನ್ನು ಅವಳು 53 ಅಂತ ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬರೆಯಲಿಲ್ಲ. ‘ಎಂಟು ಜಾಸ್ತಿ’ ಅಂತ ಬರೆದು ಅದರ ಕೆಳಗೆ ಲೆಕ್ಕ ಹಾಕಿದಳು. ನಿಮಿಷಕ್ಕೆ 8 ಮಿಣುಕು ಅಂದರೆ 150 ವ್ಯಾಟ್. ಮನೆಯಲ್ಲಿ 150 ವ್ಯಾಟಿನ ಸಾಮಾನು ಯಾವುದು? ಓಡಿ ಮೇಲೆ ಹೋದಳು. ಫ್ರಿಜ್ಜಿನ ಕಂಪ್ರೆಸರ್ ಗುಂಯ್ ಅನ್ನುತ್ತಿತ್ತು. ಇಸ್ತ್ರಿ ಪೆಟ್ಟಿಗೆ ತಣಿಯುವ ತನಕ ಕಾದು, ಫ್ರಿಜ್ಜಿನ ಪ್ಲಗ್ ತೆಗೆಸಿ, ಮತ್ತೆ ಎಣಿಸಿದಳು. 52. ಪುಟದ ಕೊನೆಯಲ್ಲಿ ಒಂದು ಸಾಲು: ‘ಮೀಟರ್ ಸರಿ ಇದೆ, ನಾನು ಫ್ರಿಜ್ ಮರೆತಿದ್ದೆ.’ ಅವಳಿಗೆ ನೀಲಿ ರಿಬ್ಬನ್ ಸಿಕ್ಕಿದ್ದು ಈ ಪುಟಕ್ಕೆ. ವಾರ್ಷಿಕೋತ್ಸವದ ಮೇಜಿನ ಮೇಲೆ ಇಡೋಕೆ ಅವಳ ಹತ್ತಿರ ಮಾಡೆಲ್ಲೇ ಇರಲಿಲ್ಲ.

ನೋಟ್‌ಬುಕ್‌ಗೆ ಬಹುಮಾನ ಅಂತ ಗೊತ್ತಾದ ಕೂಡಲೇ ಇನ್ನೊಂದು ತೊಂದರೆ ಶುರುವಾಯಿತು. ನೋಟ್‌ಬುಕ್‌ಗಳು ಚಂದ ಆಗತೊಡಗಿದವು. ಬಣ್ಣದ ಸ್ಕೆಚ್ ಪೆನ್, ಪ್ರಿಂಟ್ ತೆಗೆದು ಅಂಟಿಸಿದ ಚಿತ್ರ, ಅಕ್ಕನ ಕೈಬರಹ. ಬಹುಮಾನವನ್ನು ಯಾವುದಕ್ಕೆ ಕಟ್ಟುತ್ತೀರೋ ಜನ ಅದನ್ನೇ ಸಿಂಗರಿಸುತ್ತಾರೆ. ಆಗ ಬರೆದದ್ದು ನಿಜವೋ ಅಲ್ಲವೋ ಓದಿ ಹೇಳೋದನ್ನು ಕಲಿಯಬೇಕಾಯಿತು. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ನಿಜವಾಗಿ ಅಳೆದವರ ಅಂಕಿ ಅಷ್ಟು ನೀಟಾಗಿ ಇರುವುದಿಲ್ಲ. 9 ವೋಲ್ಟಿನ ಹೊಸ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 9ಕ್ಕಿಂತ ಜಾಸ್ತಿಯೇ ತೋರಿಸುತ್ತದೆ. ಬಲ್ಬ್ ಹಾಕಿದ ಕೂಡಲೇ ಇಳಿಯುತ್ತದೆ. ಕೆಲವು ವಾರ ಬಳಸಿದ ಮೇಲೆ ಇನ್ನೂ ಇಳಿದಿರುತ್ತದೆ. ಯಾವುದಾದರೂ ನೋಟ್‌ಬುಕ್‌ನಲ್ಲಿ ಎಲ್ಲ ದಿನವೂ ‘9.0’ ಅಂತ ಇದ್ದರೆ ಆ ಮಗು ಬ್ಯಾಟರಿಯ ಮೇಲಿನ ಅಕ್ಷರ ಓದಿದೆ, ಮೀಟರ್ ಓದಿಲ್ಲ. ಎರಡು ತಿಂಗಳ ಪುಟಗಳೆಲ್ಲ ಒಂದೇ ಪೆನ್, ಒಂದೇ ಒತ್ತು, ಎಲ್ಲೂ ಒಂದು ಗೆರೆ ಎಳೆದಿಲ್ಲ ಅಂದರೆ ಅದು ಒಂದೇ ಸಂಜೆ ಬರೆದದ್ದು. ಹಾಗಂತ ಅನುಮಾನ ಬಂದ ಕೂಡಲೇ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳೋದಿಲ್ಲ. ಬಹುಮಾನಕ್ಕೆ ಮೊದಲು ಪ್ರತಿ ಮಗುವಿನ ಜೊತೆಗೂ ದಾದಾ ಹತ್ತು ನಿಮಿಷ ಕೂರುತ್ತಾರೆ. ನೋಟ್‌ಬುಕ್‌ನ ಯಾವುದೋ ಒಂದು ಪುಟ ತೆಗೆದು, ‘ಇದನ್ನೊಮ್ಮೆ ಮಾಡಿ ತೋರಿಸು ಬಾಳಾ (ಮಗೂ)’ ಅನ್ನುತ್ತಾರೆ. ತಾನೇ ಮಾಡಿದವನು ಖುಷಿಯಿಂದ ಮಾಡುತ್ತಾನೆ. ಮಾಡದವನಿಗೂ ಅವಮಾನ ಆಗಲ್ಲ, ಆ ಹತ್ತು ನಿಮಿಷದಲ್ಲಿ ನಿಜವಾಗಿ ಕಲಿತು ಏಳುತ್ತಾನೆ. ಅದನ್ನೂ ಅವತ್ತಿನ ತಾರೀಖು ಹಾಕಿ ಬರೆದರೆ ಅದೂ ಲೆಕ್ಕಕ್ಕೆ ಬರುತ್ತದೆ.

ನೀಲಿಗೆ ನಮ್ಮ ಮಟ್ಟ ಏನು ಅಂತ ಕ್ಲಾಸ್ ಶುರುವಾದ ದಿನವೇ ಗೋಡೆಗೆ ಅಂಟಿಸುತ್ತೇವೆ. ಅವತ್ತವತ್ತೇ ಬರೆದ ಪುಟಗಳಿರಬೇಕು. ಅಂದುಕೊಂಡ ಹಾಗೆ ಆಗದ ಒಂದು ಕೆಲಸವನ್ನಾದರೂ ಬೆನ್ನು ಹತ್ತಿ ಕಾರಣ ಹುಡುಕಿರಬೇಕು. ಕಲಿತದ್ದನ್ನು ಮನೆಯಲ್ಲೋ ಬಿಲ್ಡಿಂಗ್‌ನಲ್ಲೋ ಒಬ್ಬರಿಗಾದರೂ ತೋರಿಸಿರಬೇಕು. ಸಾಮಾನಿಗೆ ಎಷ್ಟು ಖರ್ಚು ಮಾಡಿದರು ಅನ್ನೋದನ್ನು ಬರೆಸುತ್ತೇವೆ, ಮಾರ್ಕು ಕೊಡಲ್ಲ. ಕೊಟ್ಟರೆ ಮತ್ತೆ ಹಣ ಇರುವ ಮನೆಯ ಕಡೆ ವಾಲುತ್ತದೆ.

ತೋರಿಸುವ ಕೆಲಸದಿಂದ ಒಂದು ಒಳ್ಳೆಯದೂ ಆಯಿತು. ಹೊಸ ಮನೆಗಳ ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಅನ್ನೋ ಸುರಕ್ಷತೆಯ ಸ್ವಿಚ್ ಇರುತ್ತದೆ. ಮನೆಯಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು. ಅಷ್ಟು ಕರೆಂಟ್ ಎಲ್ಲೋ ಸೋರಿ ಭೂಮಿಗೋ ಮೈಮೂಲಕವೋ ಹೋಯಿತು ಅಂದರೆ ಅದು ಲೈನ್ ಕಡಿಯಬೇಕು. ಕೆಲಸ ಮಾಡುತ್ತಾ ಅಂತ ನೋಡಲು ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ. ಅದನ್ನು ಒತ್ತಿದವರು ಎಷ್ಟು ಮನೆಯಲ್ಲಿ ಇದ್ದಾರೆ ಹೇಳಿ? ಒಬ್ಬ ಹುಡುಗ ತನ್ನ ಅಜ್ಜಿಗೆ ತೋರಿಸೋಕೆ, ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಟನ್ ಒತ್ತಿದ. ಬೀಳಲಿಲ್ಲ. ಮತ್ತೆ ಒತ್ತಿದ, ಬೀಳಲಿಲ್ಲ. ‘ಒತ್ತಿದೆ, ಟ್ರಿಪ್ ಆಗಲಿಲ್ಲ, ಅಪ್ಪನಿಗೆ ಹೇಳಿದೆ’ ಅಂತ ತಾರೀಖು ಹಾಕಿ ಬರೆದ. ಕೆಟ್ಟುಹೋಗಿತ್ತು. ವೈರ್‌ಮನ್ ಬಂದು ಹೊಸದು ಹಾಕಿದ ಮೇಲೆ ಇನ್ನೊಂದು ಸಾಲು, ಇನ್ನೊಂದು ತಾರೀಖು: ‘ಒತ್ತಿದೆ, ಬಿತ್ತು.’ ಈಗ ಅವನು ಪ್ರತಿ ತಿಂಗಳೂ ಒತ್ತಿ ಬರೆಯುತ್ತಾನೆ. ದಾಖಲೆಯಿಂದ ಏನು ಲಾಭ ಅಂತ ಸಮಿತಿಯಲ್ಲಿ ಕೇಳಿದಾಗ ನಾನು ಈ ಎರಡು ಸಾಲುಗಳನ್ನು ಓದಿ ಹೇಳಿದೆ.

ಸಮಿತಿಯವರು ಸುಲಭಕ್ಕೆ ಒಪ್ಪಲಿಲ್ಲ. ವೇದಿಕೆಯ ಮೇಲೆ ಟ್ರೋಫಿ ಕೊಟ್ಟರೆ ಫೋಟೋ ಚೆನ್ನಾಗಿ ಬರುತ್ತೆ, ದಾನಿಗಳಿಗೂ ಖುಷಿ. ರಿಬ್ಬನ್ ಹಿಡಿದುಕೊಂಡ ಹದಿನೈದು ಮಕ್ಕಳ ಫೋಟೋದಲ್ಲಿ ಯಾರು ಗೆದ್ದರು ಅಂತ ಗೊತ್ತಾಗಲ್ಲ ಅನ್ನೋದು ಅವರ ಮಾತು. ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ, ದಾನಿಗಳಿಲ್ಲದೆ ಮಲ್ಟಿಮೀಟರ್ ಬರಲ್ಲ. ಪಾಲಕರಲ್ಲೂ ಕೆಲವರು ಬೇಸರ ಮಾಡಿಕೊಂಡರು. ‘ಅಲ್ಲ ಸರ್, ಎಲ್ಲರಿಗೂ ನೀಲಿ ಕೊಟ್ಟರೆ ನಮ್ಮ ಹುಡುಗನ ವಿಶೇಷ ಏನು?’ ಅಂತ ಒಬ್ಬರು ಕೇಳಿದರು. ಅವರಿಗೆ ಮಗನ ನೋಟ್‌ಬುಕ್ಕೇ ಕೊಟ್ಟು ಓದಿ ಅಂದೆ. ಆಫೀಸಿನ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಓದಿದರು. ಮಗ ಮನೆಯ ಸೆಟ್‌ಟಾಪ್ ಬಾಕ್ಸ್ ಸ್ಟ್ಯಾಂಡ್‌ಬೈನಲ್ಲೂ ಕರೆಂಟ್ ತಿನ್ನುತ್ತೆ ಅಂತ ಪತ್ತೆ ಮಾಡಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಆಮೇಲೆ ವಿಶೇಷದ ಪ್ರಶ್ನೆ ಬರಲಿಲ್ಲ.

ಟ್ರೋಫಿ ಪೂರ್ತಿ ಹೋಗಿಲ್ಲ. ಒಂದು ಉಳಿದಿದೆ, ಇಡೀ ಗುಂಪಿಗೆ ಸೇರಿದ್ದು, ಸಂಘದ ಕಪಾಟಿನಲ್ಲಿ ಇರುತ್ತದೆ. ಅದಕ್ಕೆ ನಾನು ಅಡ್ಡಿ ಮಾಡಲಿಲ್ಲ.

ಆಫೀಸಿನ ದಾಖಲೆ ಬಗ್ಗೆ ಒಂದು ಮಾತು, ಬೇರೆ ಸಂಘದವರು ಕೇಳುತ್ತಿರುತ್ತಾರೆ. ನೋಟ್‌ಬುಕ್ ಮಗುವಿನದು, ಮಗುವಿನ ಹತ್ತಿರವೇ ಇರಬೇಕು. ನಾವು ಇಟ್ಟುಕೊಳ್ಳುವುದು ಪ್ರತಿ ಮಗುವಿಗೆ ಒಂದು ಹಾಳೆ: ಹಂತ, ಹಾಜರಿ, ದಾದಾ ಎದುರಿಗೆ ಮಾಡಿ ತೋರಿಸಿದ ಕೆಲಸ, ರಿಬ್ಬನ್ನಿನ ಬಣ್ಣ, ಆ ಬಣ್ಣ ಯಾಕೆ ಅನ್ನೋದಕ್ಕೆ ಎರಡು ಸಾಲು ಕಾರಣ. ಕಾರಣ ಬರೆಯದೆ ಬಣ್ಣ ಬರೆಯೋದಿಲ್ಲ. ಉಸ್ತುವಾರಿ ಬದಲಾದರೂ, ಮಗು ಎರಡು ವರ್ಷ ಬಿಟ್ಟು ವಾಪಸ್ ಬಂದರೂ ಆ ಎರಡು ಸಾಲು ನೋಡಿದರೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ. ಮನೆ ವಿಳಾಸ, ಮೀಟರ್ ನಂಬರ್, ಬಿಲ್ಲಿನ ಗ್ರಾಹಕ ಸಂಖ್ಯೆ ಇವು ಯಾವುದನ್ನೂ ನಮ್ಮ ಕಡತದಲ್ಲಿ ಇಡೋದಿಲ್ಲ. ಮಕ್ಕಳಿಗೂ ಬಿಲ್ಲಿನ ಝೆರಾಕ್ಸ್ ಅಂಟಿಸುವ ಮೊದಲು ಆ ಭಾಗ ಕತ್ತರಿಸಿ ಅಂತ ಹೇಳುತ್ತೇವೆ.

ಹೋದ ವರ್ಷ ಮೂರನೇ ಹಂತ ಮುಗಿಸಿದ ಹುಡುಗನೊಬ್ಬ ಹತ್ತನೇ ಕ್ಲಾಸಿನ ನಂತರ ಐಟಿಐನ ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿದ. ಸೀಟು ಸಿಗೋದು ಮಾರ್ಕಿನ ಮೇಲೆ, ನಮ್ಮ ರಿಬ್ಬನ್ ಅಲ್ಲಿ ಲೆಕ್ಕಕ್ಕಿಲ್ಲ. ಆದರೂ ಈಗ ಪ್ರಾಕ್ಟಿಕಲ್ ಇದ್ದ ದಿನ ಅವತ್ತೇ ಬರೆಯುತ್ತಾನೆ. ನಮ್ಮ ಕ್ಲಾಸಿನ ಹಳೇ ನೋಟ್‌ಬುಕ್‌ನಲ್ಲಿ ಉಳಿದ ಪುಟಗಳಿಂದಲೇ ಮುಂದುವರಿಸಿದ್ದಾನೆ. ಬಿಡುವಿದ್ದ ವಾರ ಕ್ಲಾಸಿಗೆ ಬಂದು ಮೊದಲ ಹಂತದ ಮಕ್ಕಳ ನೋಟ್‌ಬುಕ್ ನೋಡಿಕೊಡುತ್ತಾನೆ, ‘9.0’ ಕಂಡಲ್ಲೆಲ್ಲ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕುತ್ತಾನೆ.