ಹೊಲಿಗೆ ಮುಗಿಯುವ ಮೊದಲೇ

ಇಂದು ಹುಬ್ಬಳ್ಳಿಯಲ್ಲಿ ಅಕ್ಕನಿಗೆ ಸಿಜೇರಿಯನ್ ಆಯಿತು. ಬೆನ್ನಿಗೆ ಕೊಟ್ಟ ಚುಚ್ಚುಮದ್ದಿನಿಂದ ಮೈಯ ಕೆಳಭಾಗವಷ್ಟೇ ಮರಗಟ್ಟಿ ಅವಳಿಗೆ ಪೂರ್ತಿ ಎಚ್ಚರವಿದ್ದುದರಿಂದ, ಹೊಟ್ಟೆಯ ಹೊಲಿಗೆ ಮುಗಿಯುವ ಮೊದಲೇ ನರ್ಸ್ ಕೂಸನ್ನು ಒರೆಸಿ, ಟೊಪ್ಪಿಗೆ ಹಾಕಿ, ಬರಿಮೈಯಲ್ಲೇ ಅವಳ ಎದೆಯ ಮೇಲೆ ಅಡ್ಡಲಾಗಿ ಮಲಗಿಸಿದರಂತೆ. ಗಾಯಕ್ಕೆ ತಾಗದಿರಲೆಂದು ಅಡ್ಡ.

"ಕೂಸಿಗೆ ಥಂಡಿ ಆಗತೈತಿ, ಅರಿವ್ಯಾಗ ಸುತ್ತಬೇಕಿತ್ತು" ಎಂದು ಅವ್ವ ಗೊಣಗಿದಳು. ಆದರೆ ತಾಯಿಯ ಮೈಶಾಖವೇ ಕೂಸನ್ನು ಬೆಚ್ಚಗಿಟ್ಟು, ಉಸಿರನ್ನೂ ಎದೆಬಡಿತವನ್ನೂ ಹದಕ್ಕೆ ತರುತ್ತದೆ, ಮೇಲೊಂದು ಒಣ ಬಟ್ಟೆ ಹೊದಿಸಿದರಾಯಿತು. ಸಿಜೇರಿಯನ್ ಆದವರಿಗೆ ಹಾಲು ಇಳಿಯುವುದು ತುಸು ತಡವಾಗಬಹುದಾದ್ದರಿಂದ, ಮೊದಲ ಗಂಟೆಯೊಳಗೇ ಕೂಸು ಎದೆಗೆ ಬಾಯಿಡುವುದು ಇನ್ನಷ್ಟು ಮುಖ್ಯ.

ಪೂರ್ತಿ ಅರಿವಳಿಕೆ ಕೊಟ್ಟಿದ್ದರೆ, ತಾಯಿ ಎಚ್ಚರಾಗುವವರೆಗೆ ಅಪ್ಪನ ಎದೆಯೂ ಆದೀತು. ಇದನ್ನು ಕೇಳಿದಾಗಿನಿಂದ ಭಾವ ತಮ್ಮ ಸರದಿ ತಪ್ಪಿತೆಂದು ಪೇಚಾಡುತ್ತಿದ್ದಾರೆ.