ಹಾಜರಿ ಪುಸ್ತಕದ ಸಾಬ, ಸಾಹೇಬ

ನಮ್ಮ ಕಲಬುರಗಿ ಕಡೆ ಡೀಸಿ ಬಂದರೆ 'ಸಾಹೇಬ್ರು ಬಂದ್ರು' ಅಂತ ಎದ್ದು ನಿಲ್ಲುತ್ತೇವೆ. ಬಾಳೆಹಣ್ಣಿನ ಗಾಡಿಯವರನ್ನು ಮಾತ್ರ 'ಏ ಸಾಬ, ಡಜನ್ ಹೆಂಗ?' ಅಂತ ಕೂಗುತ್ತೇವೆ. ಎರಡೂ ಒಂದೇ ಪದ. ಒಬ್ಬರಿಗೆ 'ರು' ಸೇರಿಸಿದೆವು, ಇನ್ನೊಬ್ಬರಿಂದ 'ಹೇ' ಕಿತ್ತುಕೊಂಡೆವು. ಆಳಂದ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ನನಗೆ ಇದು ದಿನಾ ಕಿವಿಗೆ ಬೀಳುವ ಮಾತು. ಬಿದ್ದಾಗಲೆಲ್ಲ ನೋಯುತ್ತದೆ.

ಪದ ಅರಬ್ಬಿಯದು. ಅಲ್ಲಿ ಸಾಹಿಬ್ ಅಂದರೆ ಜೊತೆಗಾರ. ಒಡೆಯ ಅನ್ನುವ ಅರ್ಥವೂ ಇದೆ. ಪ್ರವಾದಿ ಮುಹಮ್ಮದರ ಜೊತೆಗಿದ್ದವರನ್ನು ಸಹಾಬಾ ಅನ್ನುತ್ತಾರಲ್ಲ, ಅದೂ ಇದೇ ಬೇರಿನದು. ಈಜಿಪ್ಟಿನಲ್ಲಿ ಇವತ್ತಿಗೂ ಗೆಳೆಯರು 'ಯಾ ಸಾಹ್ಬಿ' ಅಂತ ಒಬ್ಬರನ್ನೊಬ್ಬರು ಕರೆಯುತ್ತಾರೆ. 10ನೇ ಶತಮಾನದಲ್ಲಿ ಇರಾನಿನ ರೈ ನಗರದಲ್ಲಿ ಇಬ್ನ್ ಅಬ್ಬಾದ್ ಅನ್ನುವ ಮಂತ್ರಿ ಇದ್ದರು. ರಾಜಕುಮಾರನ ಒಡನಾಡಿಯಾಗಿದ್ದ ಅವರಿಗೆ 'ಸಾಹಿಬ್' ಅನ್ನುವುದೇ ಬಿರುದಾಯಿತು. ಗೆಳೆಯರ ಮಾತು ದರ್ಬಾರಿನ ಮಾತಾಗಿದ್ದು ಹೀಗೆ.

ಪಾರ್ಸಿಯ, ಅಂದರೆ ಪರ್ಷಿಯನ್ ಭಾಷೆಯ, ಬೆನ್ನು ಹತ್ತಿ ಅದು ದಖ್ಖನಿಗೆ ಬಂತು. 1347ರಲ್ಲಿ ಬಹಮನಿಗಳು ರಾಜ್ಯ ಕಟ್ಟಿದಾಗ ಅವರ ರಾಜಧಾನಿ ನಮ್ಮ ಕಲಬುರಗಿಯೇ. ಆಮೇಲೆ ಬೀದರ. ದರ್ಬಾರಿನ ಭಾಷೆ ಪಾರ್ಸಿ. ಕೊನೆಗೆ ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು, 1948ರ ತನಕ. ಹಾಗಾಗಿ ತಹಸೀಲ್ದಾರ್ ಸಾಹೇಬ, ಅಮೀನ್ ಸಾಹೇಬ ಅನ್ನುವುದು ನಮ್ಮ ಹಿರಿಯರ ಬಾಯಲ್ಲಿ ಕನ್ನಡವೇ ಆಗಿಹೋಯಿತು. ಅತ್ತ ಬ್ರಿಟಿಷರು ರಾವ್ ಸಾಹೇಬ, ಖಾನ್ ಸಾಹೇಬ ಅಂತ ಬಿರುದು ಹಂಚುತ್ತಿದ್ದರು.

ನೆರೆಯ ಭಾಷೆಗಳು ಇದನ್ನು ತಮಗೆ ಬೇಕಾದಂತೆ ಬಳಸಿಕೊಂಡವು. ಮಲಯಾಳದಲ್ಲಿ ಸಾಯಿಪ್ಪ್ ಅಂದರೆ ಬಿಳಿಯ. ತೆಲುಗಿನಲ್ಲಿ ಸಾಯಿಬು ಅಂದರೆ ಮುಸ್ಲಿಂ, ನಮ್ಮ ಸಾಬರ ಹಾಗೆ. ನನಗೆ ತುಂಬಾ ಹಿಡಿಸಿದ್ದು ಮರಾಠಿಯವರು ಮಾಡಿದ್ದು. ಅವರು ಈ ಪದವನ್ನು ಮನೆಯೊಳಗೇ ಕರೆದುಕೊಂಡರು. ಅಪ್ಪಾಸಾಹೇಬ, ಅಣ್ಣಾಸಾಹೇಬ, ಭಾವೂಸಾಹೇಬ. ಹೆಣ್ಣುಮಕ್ಕಳಿಗೂ ಅದೇ: ತಾಯಿಗೆ ಆಈಸಾಹೇಬ, ಅತ್ತಿಗೆಗೆ ವಹಿನೀಸಾಹೇಬ. ಶಿವಾಜಿಯ ತಾಯಿ ಜೀಜಾಬಾಯಿ ಅವರಿಗೆ ಮಾಸಾಹೇಬ. ಇನ್ನು ಬಾಬಾಸಾಹೇಬ ಅಂದರೆ ಸಾಕು, ಅಂಬೇಡ್ಕರ್ ಅಂತ ಬೇರೆ ಹೇಳಬೇಕಾಗಿಲ್ಲ. ನಮ್ಮ ಆಳಂದ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ಒಂದೇ ಹಾಜರಿ ಪುಸ್ತಕದಲ್ಲಿ ಅಪ್ಪಾಸಾಹೇಬನ ಕೆಳಗೆ ಮಹಿಬೂಬಸಾಬ ಇರುತ್ತಾನೆ. ಇಬ್ಬರೂ ಒಂದೇ ಬೆಂಚಿನವರು.

ಆದರೆ ಈ ಪದದ ನಿಜವಾದ ಎತ್ತರ ನೋಡಬೇಕಾದರೆ ಬೀದರಕ್ಕೆ ಹೋಗಬೇಕು. ಅಲ್ಲಿ ನಾನಕ್ ಝೀರಾ ಸಾಹಿಬ್ ಅನ್ನುವ ಗುರುದ್ವಾರ ಇದೆ. ಗುರು ನಾನಕರು ಬಂದಾಗ ಬಂಡೆಯಿಂದ ಸಿಹಿನೀರು ಉಕ್ಕಿತು ಅಂತ ನಂಬಿಕೆ. ಆ ಝರಿ ಇವತ್ತಿಗೂ ಹರಿಯುತ್ತದೆ. ಸಿಖ್ಖರಿಗೆ ಗ್ರಂಥವೂ ಸಾಹಿಬ್, ಗುರುದ್ವಾರವೂ ಸಾಹಿಬ್. ನಾನಕರು ತಮ್ಮ ಪದಗಳಲ್ಲಿ ದೇವರನ್ನೇ ಸಾಹಿಬ್ ಅಂತ ಕರೆದಿದ್ದಾರೆ.

ಬೀದರಕ್ಕೆ ಇನ್ನೊಂದು ನಂಟಿದೆ. ಇದನ್ನು ನಮ್ಮ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. 1699ರ ಬೈಸಾಖಿಯ ದಿನ ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ಕತ್ತಿ ಹಿಡಿದು, ತಲೆ ಕೊಡುವವರು ಯಾರು ಅಂತ ಕೇಳಿದರು. ಒಬ್ಬೊಬ್ಬರಾಗಿ ಐದು ಜನ ಎದ್ದರು. ಅವರೇ ಪಂಚ ಪ್ಯಾರೆ, ಅಂದರೆ ಗುರುವಿನ ಐವರು ಪ್ರೀತಿಪಾತ್ರರು. ಅವರಲ್ಲೊಬ್ಬರು ಬೀದರದ ಕ್ಷೌರಿಕರ ಮನೆಯವರು, ಸಾಹಿಬ್ ಚಂದ್ ಅಂತ ಹೆಸರು. ಅವತ್ತಿನಿಂದ ಭಾಯಿ ಸಾಹಿಬ್ ಸಿಂಗ್. ಕ್ಷೌರಿಕರನ್ನು ಕೀಳಾಗಿ ನೋಡುತ್ತಿದ್ದ ಕಾಲದಲ್ಲಿ, ಕ್ಷೌರಿಕನ ಮಗನಿಗೆ ಇಡೀ ಪಂಥ ತಲೆಬಾಗಿತು. ಅವರು ನಮ್ಮ ನೆಲದವರು ಅನ್ನುವುದು ಇಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ! ಪಾಠ ಮುಗಿದ ಮೇಲೆ ಮಹಿಬೂಬಸಾಬ ಬಂದು, 'ಟೀಚರ್, ನನ್ನ ಹೆಸರಿನ್ಯಾಗೂ ಅದೇ ಸಾಹಿಬ್ ಐತೇನ್ರೀ?' ಅಂತ ಕೇಳಿದ. ಐತಪ್ಪಾ, ಅದೇ ಐತಿ ಅಂದೆ.

ಇದು ಬರೀ ಗೌರವದ ಮಾತಾಗಿ ಉಳಿದಿಲ್ಲ, ದುಡ್ಡಿನ ಮಾತೂ ಆಗಿದೆ. ನಮ್ಮ ಒಬ್ಬ ಹುಡುಗನ ತಂದೆಯ ಹೆಸರು ಆಧಾರ್‌ನಲ್ಲಿ ಲಾಲಸಾಬ, ರೇಷನ್ ಕಾರ್ಡಿನಲ್ಲಿ ಲಾಲಸಾಹೇಬ, ಹಳೆಯ ಟಿಸಿಯಲ್ಲಿ ಬರೀ ಲಾಲ್. ಬರೆದುಕೊಂಡವರು ಕಿವಿಗೆ ಕೇಳಿದಂತೆ ಬರೆದಿದ್ದಾರೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಹೆಸರು ತಾಳೆಯಾಗಲಿಲ್ಲ, ದುಡ್ಡು ನಿಂತಿತು. ಆ ತಂದೆ ಕೂಲಿ ಬಿಟ್ಟು ಕಚೇರಿಗೆ ಅಲೆದರು. ಅಪ್ಪಾಸಾಹೇಬನ ಹೆಸರಿಗೆ ಈ ಪಾಡಿಲ್ಲ, ಅವನದು ಎಲ್ಲ ಕಡೆ ಪೂರ್ತಿಯಾಗೇ ಬರೆದಿರುತ್ತಾರೆ. ಇದು ನನಗೆ ಸುಮ್ನೆ ಆದದ್ದು ಅನ್ನಿಸುವುದಿಲ್ಲ. ಯಾರ ಹೆಸರನ್ನು ನಿಧಾನವಾಗಿ ಕೇಳಿ ಬರೆದುಕೊಳ್ಳುತ್ತೇವೆ, ಯಾರದನ್ನು ಅರ್ಧಕ್ಕೇ ಕತ್ತರಿಸುತ್ತೇವೆ ಅನ್ನುವುದು ಅಲ್ಲಿ ಕಾಣುತ್ತದೆ ಅಲ್ವಾ?

ಈಗ ದಾಖಲಾತಿಯ ದಿನ ಆಧಾರ್ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ಓದಿ ಹೇಳುತ್ತೇನೆ. 'ಸಾಬ ಅಂತ ಬರೀಲೋ, ಸಾಹೇಬ ಅಂತಲೋ? ನಿಮ್ಮ ಇಷ್ಟ ಯಾವುದು?' ಅಂತ ತಂದೆ-ತಾಯಿಯನ್ನೇ ಕೇಳುತ್ತೇನೆ. ಸಾಹೇಬ ಬೇಕು ಅಂದರೆ ಮೊದಲು ಆಧಾರ್ ತಿದ್ದಿಸಿಕೊಂಡು ಬನ್ನಿ ಅಂತ ಚೀಟಿ ಬರೆದುಕೊಡುತ್ತೇನೆ. ಜೂನ್ ತಿಂಗಳಲ್ಲಿ ಈ ಕೆಲಸಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಬೇರೆ ಶಾಲೆಯ ಟೀಚರುಗಳೂ ಹೀಗೇ ಮಾಡಿದರೆ ಒಳ್ಳೆಯದು. ಏಳನೇ ತರಗತಿ ಮುಗಿಸಿ ಟಿಸಿ ಒಯ್ಯುವಾಗ ತಿದ್ದುವುದು ಬಹಳ ಕಷ್ಟ.