ರಾತ್ರಿ ಈಟಿ ಹಿಡಿದು ಕಡಲಿಗಿಳಿಯೋಕೆ ಯಾವ ಟಾರ್ಚ್ ತಗೊಳ್ಳಲಿ?

ನಾನಿರುವುದು ಹವಾಯಿಯ ಒವಾಹು ದ್ವೀಪದಲ್ಲಿ. ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಮುಳುಗಿ, ರಾತ್ರಿ ಈಟಿಯಲ್ಲಿ ಮೀನು ಹೊಡೆಯುತ್ತೇನೆ ಅಂತ ಗೊತ್ತಾದರೆ ಊರಿನವರು ಕೇಳುವುದು ಎರಡೇ ಪ್ರಶ್ನೆ. ದೊಡ್ಡವರದ್ದು, "ಶಾರ್ಕ್ ಬರಲ್ವಾ ಮಾರಾಯಾ?" ಈಜು ಬರುವ ಹುಡುಗರದ್ದು, "ಅಣ್ಣಾ, ಯಾವ ಟಾರ್ಚ್ ತಗೊಳ್ಳಲಿ?"

ಶಾರ್ಕ್ ವಿಷಯ ಬೇಗ ಮುಗಿಸುತ್ತೇನೆ. ಇವೆ. ರಕ್ತ ಸುರಿಯುವ ಮೀನನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುವವರಿಗೆ ಅಪಾಯ ಜಾಸ್ತಿ. ಹೊಡೆದ ಮೀನನ್ನು ಹಿಂದೆ ಹಗ್ಗದಲ್ಲಿ ಎಳೆದುಕೊಂಡು ಬರುವ ಫ್ಲೋಟ್‌ಗೆ ಹಾಕಿಬಿಟ್ಟರೆ ಅದು ಮೈಯಿಂದ ದೂರ ಇರುತ್ತದೆ. ನನಗೆ ನಿಜವಾದ ಹೆದರಿಕೆ ಇರುವುದು ನೀರಲ್ಲಿ ಪ್ರಜ್ಞೆ ತಪ್ಪುವುದರ ಬಗ್ಗೆ.

ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಆ ಒತ್ತಡ ಇರುವವರೆಗೆ ಶ್ವಾಸಕೋಶದಲ್ಲಿ ಉಳಿದ ಚೂರುಪಾರು ಆಕ್ಸಿಜನ್ ಮಿದುಳಿಗೆ ಸಾಲುತ್ತದೆ. ಮೇಲೆ ಬರುತ್ತಾ ಒತ್ತಡ ಇಳಿಯುತ್ತದೆ, ಅದೇ ಆಕ್ಸಿಜನ್ ಆಗ ಸಾಲುವುದಿಲ್ಲ. ಮುನ್ಸೂಚನೆ ಕೂಡ ಇರುವುದಿಲ್ಲ, ಹಾಗೇ ಆರಿಹೋಗುತ್ತೀರಿ. ಮುಳುಗುವ ಮುಂಚೆ ಜೋರುಜೋರಾಗಿ ಉಸಿರಾಡಿದ್ದರೆ ಇನ್ನೂ ಕೆಟ್ಟದು. ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು, ಉಸಿರು ಬೇಕು ಅನ್ನುವ ತಹತಹವೇ ತಡವಾಗಿ ಶುರುವಾಗುತ್ತದೆ. ಎಷ್ಟೋ ಸಲ ಪ್ರಜ್ಞೆ ತಪ್ಪುವುದು ತಲೆ ನೀರಿಂದ ಹೊರಗೆ ಬಂದು, ಒಂದೆರಡು ಉಸಿರು ಎಳೆದ ಮೇಲೆ. ಹಗಲಲ್ಲಾದರೆ ಮೇಲೆ ತೇಲುತ್ತಿರುವ ಜೊತೆಗಾರ ನೋಡಿ ಮುಖ ಎತ್ತಿ ಹಿಡಿಯುತ್ತಾನೆ. ರಾತ್ರಿ ಅವನಿಗೆ ನೀವು ಕಾಣಬೇಕಲ್ಲ?

ಅದಕ್ಕೇ ಮೀನು ಹುಡುಕುವ ಟಾರ್ಚ್ ಆಮೇಲೆ ನೋಡೋಣ, ಮೊದಲು ನಿಮ್ಮನ್ನು ತೋರಿಸುವ ಲೈಟ್ ತಗೊಳ್ಳಿ ಅನ್ನುತ್ತೇನೆ. ಕೈಯ ಟಾರ್ಚ್ ಜಾರಿ ತಳದ ಕಡೆ ಮುಖ ಮಾಡಿದರೆ ಅದರಿಂದ ಉಪಯೋಗವಿಲ್ಲ. ಮಾಸ್ಕಿನ ಪಟ್ಟಿಗೆ, ತಲೆಯ ಹಿಂಭಾಗಕ್ಕೆ ಬರುವ ಹಾಗೆ ಒಂದು ಪುಟ್ಟ ಲೈಟ್ ಸಿಗಿಸಿ. ನಿಮ್ಮದು ಹಸಿರಾದರೆ ಜೊತೆಗಾರನದು ಕೆಂಪಿರಲಿ. ಫ್ಲೋಟ್ ಮೇಲೆ ಮತ್ತೊಂದು ಲೈಟ್, ದೋಣಿಯವರಿಗೋಸ್ಕರ. ಕೆಳಗೆ ಮುಳುಗಿದವರಿದ್ದಾರೆ ಅಂತ ತೋರಿಸುವ ಬಾವುಟ ಕತ್ತಲಲ್ಲಿ ಯಾರಿಗೂ ಕಾಣುವುದಿಲ್ಲ. ಒಬ್ಬ ಕೆಳಗೆ ಹೋದರೆ ಇನ್ನೊಬ್ಬ ಮೇಲೆ. ಬಂದವನನ್ನು ಕನಿಷ್ಠ ಅರ್ಧ ನಿಮಿಷ ನೋಡುತ್ತಲೇ ಇರಬೇಕು, ಅವನು ಎಷ್ಟೇ ದೊಡ್ಡ ಮೀನು ತಂದಿರಲಿ.

ಇನ್ನು ಟಾರ್ಚ್. ಲ್ಯೂಮೆನ್, ಅಂದರೆ ಬೆಳಕಿನ ಪ್ರಮಾಣ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತೇನಿಲ್ಲ. ನೀರು ರಾಡಿಯಾಗಿದ್ದರೆ ಆಗುಂಬೆ ಘಾಟಿಯ ಮಂಜಲ್ಲಿ ಹೈ ಬೀಮ್ ಹಾಕಿದ ಹಾಗಾಗುತ್ತದೆ, ಬೆಳಕೆಲ್ಲ ನಮ್ಮ ಕಣ್ಣಿಗೇ. ಕಿರಿದಾದ ಬೀಮ್ ಸಾಕು. ಎರಡನೇ ಟಾರ್ಚ್ ಮಾತ್ರ ಬೇಕೇ ಬೇಕು. ಜೊತೆಗಾರನ ಮುಖಕ್ಕೆ ಬಿಡಬೇಡಿ, ಕತ್ತಲಿಗೆ ಹೊಂದಿಕೊಂಡ ಕಣ್ಣು ಮತ್ತೆ ಸರಿಯಾಗೋಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಒಂದೇ ಎಳೆತಕ್ಕೆ ಬಿಚ್ಚುವ ಬಕಲ್ ಇರುವ, ಮುಳುಗೋಕೆ ತೂಕ ಕೊಡುವ ಸೀಸದ ಬೆಲ್ಟ್, ಕೈಗೆ ಸಿಗುವ ಕಡೆ ಚಾಕು, ಇವು ಹಗಲಿಗೂ ಬೇಕಾದವೇ.

ಕುದುರೆ ಒತ್ತಿದರೆ ಬಾಣ ಹಾರಿಸುವ ಸ್ಪಿಯರ್‌ಗನ್ ನನಗೆ ರಾತ್ರಿ ಇಷ್ಟವಿಲ್ಲ. ಬಂಡೆಗೆ ಬಡಿದು ಬಾಣ ಎತ್ತ ಹಾರುತ್ತದೋ, ಜೊತೆಗಾರ ಎಲ್ಲಿದ್ದಾನೋ. ಇಲ್ಲಿಯವರು 'ತ್ರೀ ಪ್ರಾಂಗ್' ಅನ್ನುವ ಮೂರು ಮೊನೆಯ ಉದ್ದ ಕೋಲು ಬಳಸುತ್ತಾರೆ. ಹಿಂದಿನ ರಬ್ಬರ್ ಎಳೆದು ಹಿಡಿದಿರುವವರೆಗೆ ಮಾತ್ರ ಅದಕ್ಕೆ ಜೀವ. ರಬ್ಬರ್ ಎಳೆಯದಿದ್ದರೆ ಬರೀ ಕೋಲು.

ಕ್ಯಾಲೆಂಡರ್ ಕೂಡ ನೋಡಬೇಕು, ಇದು ಹೊಸಬರಿಗೆ ಗೊತ್ತಿರುವುದಿಲ್ಲ. ಹುಣ್ಣಿಮೆಯಾಗಿ ಎಂಟರಿಂದ ಹತ್ತು ದಿನಕ್ಕೆ ಒವಾಹುವಿನ ದಕ್ಷಿಣಕ್ಕಿರುವ ವೈಕಿಕಿ ಕಡೆಯ ತೀರಕ್ಕೆ ರಾತ್ರಿ, ಕುಟುಕುವ ಬಾಕ್ಸ್ ಜೆಲ್ಲಿ ಫಿಶ್ ಹಿಂಡು ಬರುತ್ತದೆ. ಗಾಜಿನಂತೆ ಪಾರದರ್ಶಕ, ಟಾರ್ಚಿಗೂ ಸರಿಯಾಗಿ ಸಿಗುವುದಿಲ್ಲ. ಆ ದಿನಗಳಲ್ಲಿ ನಾನು ಆ ಕಡೆ ಇಳಿಯುವುದೇ ಇಲ್ಲ. ಉಳಿದ ದಿನ ಕೂಡ ಪೂರ್ತಿ ಮೈ ಮುಚ್ಚುವ ವೆಟ್‌ಸೂಟ್, ಕೈಗೆ ಗ್ಲೌಸ್. ಉದ್ದ ಮುಳ್ಳಿನ ಕಡಲ ಅರ್ಚಿನ್‌ಗಳು ಸಂದಿಯಿಂದ ಹೊರಬರುವುದೂ ರಾತ್ರಿಯೇ.

ಇಳಿಯುವ ಮುಂಚೆ ಅಲ್ಲಿಯ ಕಾನೂನು ಓದಿ. ಸ್ಪೇನ್, ಇಟಲಿಯಲ್ಲಿ ಸೂರ್ಯ ಮುಳುಗಿದ ಮೇಲೆ ಈಟಿ ಬೇಟೆಯೇ ನಿಷೇಧ. ಹವಾಯಿಯಲ್ಲಿ ಬಹುಪಾಲು ಕಡೆ ಮಾಡಬಹುದು. ಆದರೆ ವೈಕಿಕಿ-ಡೈಮಂಡ್ ಹೆಡ್ ಮೀಸಲು ತೀರದಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಈಟಿ ತರುವ ಹಾಗಿಲ್ಲ. ಲಾಬ್‌ಸ್ಟರ್‌ಗಂತೂ ಹವಾಯಿಯಲ್ಲಿ ಎಲ್ಲೂ ಯಾವತ್ತೂ ಈಟಿ ಹಾಕುವಂತಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಕಷ್ಟದ್ದು ಮಲಗಿರುವ ಮೀನಿನ ಮುಂದೆ ಕೈ ತಡೆದುಕೊಳ್ಳುವುದು. ಪ್ಯಾರಟ್ ಫಿಶ್, ಇಲ್ಲಿಯವರ ಬಾಯಲ್ಲಿ ಉಹು, ಬಂಡೆಯ ಪೊಟರೆಯಲ್ಲಿ ಒರಗಿ ನಿದ್ದೆ ಮಾಡುತ್ತದೆ. ಕೆಲವು ಜಾತಿಯವು ಬಾಯಿಂದ ಲೋಳೆ ಬಿಟ್ಟು, ಅದರದೇ ಪೊರೆಯೊಳಗೆ ಮಲಗುತ್ತವೆ. ಟಾರ್ಚ್ ಬಿಟ್ಟರೂ ಅಲುಗುವುದಿಲ್ಲ, ಕಿವಿರು ಮಾತ್ರ ನಿಧಾನ ಆಡುತ್ತಿರುತ್ತದೆ. ಹೊಡೆಯುವುದು ತೀರಾ ಸುಲಭ. ಮನಸ್ಸು ಮಾಡಿದರೆ ಒಂದೇ ರಾತ್ರಿ ಇಡೀ ಬಂಡೆ ಖಾಲಿ ಮಾಡಬಹುದು. ಪೆಸಿಫಿಕ್‌ನ ಹಲವು ದ್ವೀಪಗಳಲ್ಲಿ ದೊಡ್ಡ ಪ್ಯಾರಟ್ ಫಿಶ್ ಕಡಿಮೆಯಾಗಿದ್ದು ಹೀಗೇ. ಜೊತೆಗೆ ಮಾಸ್ಕಿನ ಗಾಜಿನ ಮೂಲಕ ಮೀನು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ, ಹಿಡಿಯಬಹುದಾದ ಕನಿಷ್ಠ ಅಳತೆಗೆ ಬಾರದ ಮರಿಯೂ ಭರ್ಜರಿ ಅನಿಸುತ್ತದೆ. ನಾನು ಈಟಿಯ ಕೋಲಿಗೆ ಟೇಪ್ ಸುತ್ತಿ ಗುರುತು ಮಾಡಿಕೊಂಡಿದ್ದೇನೆ. ಮೀನು ಹೇಗೂ ಓಡುವುದಿಲ್ಲವಲ್ಲ, ಪಕ್ಕಕ್ಕೆ ಕೋಲು ಹಿಡಿದು ಅಳೆಯುತ್ತೇನೆ. ಬಾಲ ಗುರುತು ದಾಟದಿದ್ದರೆ ರಬ್ಬರ್ ಎಳೆಯುವುದೇ ಇಲ್ಲ.